ಹಸಿರು ದೀಪ ಉರಿದರೂ ಸಾಲು ಖಾಲಿ ಏಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಿತ್ತನೆ ಯಂತ್ರದ ಬೀಜ ಸೆನ್ಸರ್

ಪ್ರಶ್ನೆ: ನಮ್ಮ ನಾಲ್ಕು ಸಾಲಿನ ಗೋವಿನಜೋಳ ಬಿತ್ತನೆ ಯಂತ್ರಕ್ಕೆ ಬೀಜ ಎಣಿಸುವ ಸೆನ್ಸರ್ ಹಾಕಿಸಿದ್ದೇವೆ. ಬಿತ್ತುವಾಗ ಒಮ್ಮೆ ಮೂರನೇ ಸಾಲಿನ ಬಜರ್ ಕೂಗಿತು. ತಕ್ಷಣ ನಿಲ್ಲಿಸಿ, ಕೊಳವೆಗೆ ಮೆತ್ತಿದ ಮಣ್ಣು ಬಿಡಿಸಿ ಮುಂದೆ ಹೋದೆವು. ಎಂಟು ದಿನ ಬಿಟ್ಟು ನೋಡಿದರೆ ಆ ಜಾಗಕ್ಕಿಂತ ಹಿಂದೆ ಎಪ್ಪತ್ತು ಮೀಟರ್‌ನಷ್ಟು ಒಂದು ಸಸಿಯೂ ಇಲ್ಲ. ಸೆನ್ಸರ್ ಕೆಟ್ಟಿದೆಯೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಕೆಟ್ಟಿಲ್ಲ, ಅದನ್ನು ಕೂರಿಸಿದ ಜಾಗ ಸರಿಯಿಲ್ಲ. ಸೆನ್ಸರಿನ ಒಂದು ಮಗ್ಗುಲಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿ, ಎದುರಿಗೆ ಆ ಬೆಳಕು ಹಿಡಿಯುವ ಫೋಟೋಡಯೋಡ್ ಇರುತ್ತದೆ. ನಡುವೆ ಕಾಳು ಹಾದರೆ ನೆರಳು ಬೀಳುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. ಅದು ಎಣಿಸುವುದು ತನ್ನ ಕಣ್ಣೆದುರು ಹಾದ ಕಾಳನ್ನು. ಆ ಕಾಳು ಮುಂದೆ ಮಣ್ಣಿಗೆ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 4 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 1.1 ಮೀಟರ್. ಕಾಳಿನಿಂದ ಕಾಳಿಗೆ 20 ಸೆಂ.ಮೀ. ಅಂತರವಿದ್ದರೆ ಸೆಕೆಂಡಿಗೆ ಸುಮಾರು ಐದೂವರೆ ಕಾಳು ಬೀಳಬೇಕು. ತಾಳಿನ (ನೆಲ ಸೀಳಿ ಕಾಳು ಬಿಡುವ ಮೊನೆಯ) ಬಾಯಿ ಮಣ್ಣಿನಿಂದ ಕಟ್ಟಿಕೊಂಡಾಗ ಕಾಳು ಕೊಳವೆಯೊಳಗೇ ಒಂದರ ಮೇಲೊಂದು ಕೂರುತ್ತಾ ಬರುತ್ತವೆ. ಸೆನ್ಸರಿನ ಕೆಳಗೆ 25 ಮಿ.ಮೀ. ಒಳವ್ಯಾಸದ ಕೊಳವೆ 30 ಸೆಂ.ಮೀ. ಇದ್ದರೆ ಅದರಲ್ಲಿ ಸುಮಾರು 350 ಕಾಳು ಹಿಡಿಯುತ್ತವೆ. ಅಷ್ಟು ತುಂಬಲು ಒಂದು ನಿಮಿಷ ಬೇಕು, ಆ ಹೊತ್ತಿಗೆ ಟ್ರ್ಯಾಕ್ಟರ್ 70 ಮೀಟರ್ ದಾಟಿರುತ್ತದೆ. ಅಲ್ಲಿಯವರೆಗೂ ಕಾಳು ಸೆನ್ಸರನ್ನು ದಾಟುತ್ತಲೇ ಇರುವುದರಿಂದ ದೀಪ ಹಸಿರಾಗಿಯೇ ಇರುತ್ತದೆ. ರಾಶಿ ಸೆನ್ಸರಿನ ಮಟ್ಟಕ್ಕೆ ಏರಿ ಬೆಳಕು ಪೂರ್ತಿ ಮುಚ್ಚಿದ ಮೇಲೆಯೇ ಬಜರ್ ಕೂಗುವುದು.

ಸೆನ್ಸರನ್ನು ಕೆಳಗಿಳಿಸಿ. ಅದರ ಕೆಳಗೆ 10 ಸೆಂ.ಮೀ. ಕೊಳವೆ ಮಾತ್ರ ಉಳಿದರೆ ನಷ್ಟ 23 ಮೀಟರ್‌ಗೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಬೇಡ, ಕೆಸರು ಸಿಡಿದು ಕಣ್ಣೇ ಮುಚ್ಚುತ್ತದೆ. ಬಜರ್ ಕೂಗಿದಾಗ ಮಣ್ಣು ಬಿಡಿಸಿದರೆ ಕೆಲಸ ಮುಗಿಯಲಿಲ್ಲ. ಅಲ್ಲೊಂದು ಗೂಟ ನೆಟ್ಟು, ಮೇಲಿನ ಲೆಕ್ಕದಷ್ಟು ದೂರ ಹಿಂದಕ್ಕೆ ನಡೆದು ಆ ಸಾಲಿಗೆ ಅದೇ ದಿನ ಕೈಯಿಂದ ಕಾಳು ಊರಿ. ಇನ್ನು ತಾಳು ಕಟ್ಟಿಕೊಳ್ಳುವುದು ಬಹುಪಾಲು ಹೊಲದ ತುದಿಯಲ್ಲಿ. ಟ್ರ್ಯಾಕ್ಟರ್ ನಿಂತಿರುವಾಗ ಯಂತ್ರ ಇಳಿಸಿದರೆ, ಅಥವಾ ಇಳಿಸಿದ ಮೇಲೆ ಒಂದಡಿ ರಿವರ್ಸ್ ಬಂದರೂ, ಮಣ್ಣು ನೇರ ಕೊಳವೆಗೇ ನುಗ್ಗುತ್ತದೆ. ನಿಧಾನ ಮುಂದಕ್ಕೆ ಚಲಿಸುತ್ತಲೇ ಇಳಿಸಬೇಕು.

ಪ್ರಶ್ನೆ: ಕಡಲೆ ಬಿತ್ತುವಾಗ ಮಧ್ಯಾಹ್ನದವರೆಗೆ ಸೆನ್ಸರ್ ಸುಮ್ಮನಿರುತ್ತದೆ. ಸಂಜೆಯಾದರೆ ಪೂರ್ವಕ್ಕೆ ಹೋಗುವಾಗ ‘ಬೀಜವಿಲ್ಲ’ ಎಂದು ಕೂಗುತ್ತದೆ, ಪಶ್ಚಿಮಕ್ಕೆ ತಿರುಗಿದರೆ ಸುಮ್ಮನಾಗುತ್ತದೆ. ಬಿಚ್ಚಿ ನೋಡಿದರೆ ಕಾಳು ಸರಿಯಾಗಿಯೇ ಬೀಳುತ್ತಿದೆ.
(ಗದಗ ಜಿಲ್ಲೆಯ ಓದುಗರು)

ಉತ್ತರ: ಕೊಳವೆ ಪಾರದರ್ಶಕ ಪ್ಲಾಸ್ಟಿಕ್‌ನದು ಅಲ್ಲವೇ? ಪೂರ್ವಕ್ಕೆ ಹೋಗುವಾಗ ಇಳಿಬಿಸಿಲು ಹಿಂದಿನಿಂದ ನೇರ ಯಂತ್ರದ ಮೇಲೆ ಬೀಳುತ್ತದೆ. ಪಶ್ಚಿಮಕ್ಕೆ ತಿರುಗಿದಾಗ ಟ್ರ್ಯಾಕ್ಟರ್ ನೆರಳು ಕೊಡುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಫೋಟೋಡಯೋಡ್‌ಗೆ ಬೆಳಕು ಹೆಚ್ಚಾಗಿ ಕಾಳಿನ ನೆರಳೇ ಕಾಣದಂತಾಗುತ್ತದೆ. ಸೆನ್ಸರಿನ ಮೇಲೆ ಕೆಳಗೆ 15 ಸೆಂ.ಮೀ.ವರೆಗೆ ಕೊಳವೆಗೆ ಕಪ್ಪು ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿ. ಸಾಲದಿದ್ದರೆ ಸೆನ್ಸರನ್ನು ಕಾಲು ಸುತ್ತು ತಿರುಗಿಸಿ, ಕಣ್ಣು ಹಿಂದಕ್ಕೆ ನೋಡುವ ಬದಲು ಪಕ್ಕಕ್ಕೆ ನೋಡಲಿ. ದುಬಾರಿ ಸೆನ್ಸರುಗಳಲ್ಲಿ ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರಾರು ಸಲ ಮಿನುಗಿಸಿ ಆ ಮಿನುಗನ್ನಷ್ಟೇ ಹಿಡಿಯುವ ಏರ್ಪಾಡು ಇರುತ್ತದೆ. ಅವಕ್ಕೆ ಈ ಕಾಟ ಕಡಿಮೆ.

ಬೀಜೋಪಚಾರದ ಕೆಂಪು ಪುಡಿ ಕಣ್ಣಿಗೆ ಅಂಟುವುದು ಬೇರೆಯೇ ತೊಂದರೆ. ದಿನಕ್ಕೆರಡು ಸಲ ಬಾಟಲಿ ತೊಳೆಯುವ ಬ್ರಷ್ಷನ್ನು ಒಣಗಿದ್ದಾಗಲೇ ಕೊಳವೆಯಲ್ಲಿ ಆಡಿಸಿ. ಪುಡಿ ಗಟ್ಟಿಯಾಗಿದ್ದರೆ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಮಬ್ಬಾಗುತ್ತದೆ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟ್‌ಗೆ ಆರ್ಡುಯಿನೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್) ಬಳಸಿ ಬೀಜ ಎಣಿಸುವ ಸಾಧನ ಮಾಡಿದ್ದೇನೆ. 25 ಮಿ.ಮೀ. ಪೈಪು, 5 ಮಿ.ಮೀ.ನ ಒಂದು ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ. ಗೋವಿನಜೋಳದ 100 ಕಾಳು ಹಾಕಿದರೆ 80ರ ಆಸುಪಾಸು ತೋರಿಸುತ್ತದೆ.
(ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಮೊದಲು ಪೈಪನ್ನು ತುಸು ಓರೆ ಹಿಡಿದು, ಕಾಳು ಗೋಡೆಗೆ ಒತ್ತಿಕೊಂಡು ಜಾರುವಂತೆ ಒಂದೊಂದೇ ಬಿಡಿ. ಪೈಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹಾಗೇ ಮಾಡಿ. ಒಂದು ಮಗ್ಗುಲಲ್ಲಿ ಲೆಕ್ಕ ಸರಿ ಬಂದು ಇನ್ನೊಂದರಲ್ಲಿ ಕುಸಿದರೆ ಕಾರಣ ಸಿಕ್ಕಂತೆ: ನಿಮ್ಮ ಬೆಳಕಿನ ಪಟ್ಟಿ ನಡುಭಾಗವನ್ನಷ್ಟೇ ಕಾಯುತ್ತಿದೆ, ಕಾಳು ಅಂಚಿನಲ್ಲಿ ನುಸುಳುತ್ತಿವೆ. ಅಡ್ಡಕ್ಕೆ ಮೂರು ನಾಲ್ಕು ಎಲ್‌ಇಡಿ ಸಾಲಾಗಿ ಹಾಕಿ, ಎದುರಿಗೆ ಅಷ್ಟೇ ಫೋಟೋಡಯೋಡ್ ಇರಲಿ.

ಅದು ಸರಿಯಿದ್ದರೆ ಪ್ರೋಗ್ರಾಂ ನೋಡಿ. 40 ಸೆಂ.ಮೀ. ಬಿದ್ದ ಕಾಳಿನ ವೇಗ ಸೆಕೆಂಡಿಗೆ 2.8 ಮೀಟರ್. 8 ಮಿ.ಮೀ.ನ ಕಾಳು ಬೆಳಕಿನ ಒಂದು ಗೆರೆಯನ್ನು ದಾಟುವುದು ಹೆಚ್ಚೆಂದರೆ 3 ಮಿಲಿಸೆಕೆಂಡಿನಲ್ಲಿ. ನೀವು ಲೂಪ್ (ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ಓಡುವ ಭಾಗ) ಒಳಗೇ ಸೆನ್ಸರಿನ ಪಿನ್ ಓದುತ್ತಿದ್ದರೆ, ಎಲ್‌ಸಿಡಿಗೆ ಒಂದು ಸಾಲು ಬರೆಯುವಷ್ಟರಲ್ಲಿ ಆ ನೆರಳು ಬಂದು ಹೋಗಿರುತ್ತದೆ. ಎಣಿಕೆ ಇಂಟರಪ್ಟ್‌ನಲ್ಲೇ, ಅಂದರೆ ನೆರಳು ಬಿದ್ದ ಕೂಡಲೇ ಉಳಿದ ಕೆಲಸ ತಡೆದು ಓಡುವ ಕೋಡಿನಲ್ಲೇ, ಆಗಬೇಕು. ಸ್ವಿಚ್ಚಿಗೆ ಬರೆದ 50 ಮಿಲಿಸೆಕೆಂಡಿನ ಡಿಬೌನ್ಸ್ ಕೋಡನ್ನು (ಒಂದು ಸಂಕೇತದ ಬಳಿಕ ಅಷ್ಟು ಹೊತ್ತು ಇನ್ನೊಂದನ್ನು ಲೆಕ್ಕಿಸದಿರುವ ಕೋಡು) ಹಾಗೇ ತಂದು ಹಾಕಿದ್ದರೆ ಜೋಡಿಯಾಗಿ ಬೀಳುವ ಎರಡನೇ ಕಾಳನ್ನು ಅದೇ ನುಂಗುತ್ತದೆ. ಅದನ್ನು 4 ಮಿಲಿಸೆಕೆಂಡಿಗೆ ಇಳಿಸಿ. ಪಕ್ಕಪಕ್ಕದಲ್ಲೇ ಅಂಟಿಕೊಂಡು ಬಿದ್ದ ಎರಡು ಕಾಳು ಮಾತ್ರ ಏನು ಮಾಡಿದರೂ ಒಂದೇ ನೆರಳು.

ಬರೀ ಎಣಿಕೆಗೆ ನಿಲ್ಲಬೇಡಿ. ನೆಲದ ಚಕ್ರಕ್ಕೆ ನಾಲ್ಕು ಆಯಸ್ಕಾಂತ, ಒಂದು ಹಾಲ್ ಸೆನ್ಸರ್ (ಆಯಸ್ಕಾಂತ ಹಾದದ್ದನ್ನು ಗುರುತಿಸುವ ಸೆನ್ಸರ್) ಹಾಕಿದರೆ ಕಾಳುಗಳ ಅಂತರವೂ ಸಿಗುತ್ತದೆ. ಐಎಸ್‌ಒ 7256-1 ಮಾನದಂಡದಂತೆ, ನಿಗದಿತ ಅಂತರದ ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಜೋಡಿ ಕಾಳು, ಒಂದೂವರೆ ಪಟ್ಟು ಮೀರಿದರೆ ತಪ್ಪಿದ ಕಾಳು. 20 ಸೆಂ.ಮೀ. ಅಂತರಕ್ಕೆ ಆ ಗೆರೆಗಳು 10 ಮತ್ತು 30. ಹೊಲದ ತುದಿಯಲ್ಲಿ ಚಕ್ರ ನಿಂತಾಗ ಬಜರ್ ತಾನಾಗಿ ಸುಮ್ಮನಾಗುವುದು ಇನ್ನೊಂದು ಲಾಭ.

ಪ್ರಶ್ನೆ: ಇದೇ ಸೆನ್ಸರ್ ಗೋಧಿಗೆ ಆಗುತ್ತದೆಯೇ?
(ಧಾರವಾಡದ ಓದುಗರು)

ಉತ್ತರ: ಎಣಿಸಲು ಆಗದು. ಹೆಕ್ಟೇರಿಗೆ 100 ಕಿಲೊ, 22.5 ಸೆಂ.ಮೀ. ಸಾಲು ಎಂದರೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ಪ್ರತಿ ಕೊಳವೆಯಲ್ಲೂ ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಕಾಳು ಗುಂಪುಗುಂಪಾಗಿ ಸುರಿಯುತ್ತವೆ. ಹರಿವು ಇದೆಯೋ ನಿಂತಿತೋ ಎಂದು ತಿಳಿಯಲು ಸಾಕು. ಬೀಜದ ಪ್ರಮಾಣ ತಿಳಿಯಬೇಕಾದರೆ ಕೊಳವೆಗಳಿಗೆ ಚೀಲ ಕಟ್ಟಿ, ನೆಲದ ಚಕ್ರ 20 ಸುತ್ತು ತಿರುಗಿಸಿ ತಕ್ಕಡಿಯಲ್ಲಿ ತೂಗಿ.