ಬೆಳಗಿನ ಆ ಒಂದು ಗಂಟೆ ಯಾರದು?

ಪ್ರಶ್ನೆ: ನನಗೆ 41 ವರ್ಷ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಒಂದು ಲೆಕ್ಕಪತ್ರ ಕಚೇರಿಯಲ್ಲಿ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ, ಮಗಳು ಏಳನೆಯ ತರಗತಿಯಲ್ಲಿ. ಅತ್ತೆಯವರಿಗೆ ಲಕ್ವಾ ಹೊಡೆದು ಎರಡು ವರ್ಷವಾಯಿತು, ಹಾಸಿಗೆಯಲ್ಲೇ ಇದ್ದಾರೆ. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾರೆ. ಯಜಮಾನರದು ಮನೆಯ ಸಮೀಪದಲ್ಲೇ ಹಾರ್ಡ್‌ವೇರ್ ಅಂಗಡಿ. ನಮ್ಮ ಕ್ರೈಸ್ತ ಸಭೆಯಲ್ಲಿ ನಾನು ಗಾಯನ ತಂಡದಲ್ಲಿದ್ದೇನೆ, ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತೇನೆ, ಮಹಿಳೆಯರ ಕೂಟದ ಕಾರ್ಯದರ್ಶಿಯೂ ಆಗಿದ್ದೇನೆ. ಬೆಳಿಗ್ಗೆ ಎದ್ದು ಸತ್ಯವೇದ ತೆರೆದರೆ ಎರಡು ವಚನ ಓದುವಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ. ಮಗನಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಕಡಿಮೆ ಬಂದಾಗ ಪ್ರಾರ್ಥನಾ ಕೂಟದಲ್ಲಿ ಒಬ್ಬರು, ‘ತಾಯಿ ದೇವರಿಗೆ ಸಮಯ ಕೊಡದಿದ್ದರೆ ಮಕ್ಕಳಿಗೆ ಹೀಗೇ ಆಗುವುದು’ ಎಂದರು. ಯಜಮಾನರು, ‘ನೀನು ಎಲ್ಲದಕ್ಕೂ ಪಟ್ಟಿ ಮಾಡುತ್ತೀ, ದೇವರ ಮೇಲೆ ಭಾರ ಹಾಕುವುದು ನಿನಗೆ ಗೊತ್ತಿಲ್ಲ’ ಎನ್ನುತ್ತಾರೆ. ಯೋಜನೆ ಮಾಡಿಕೊಂಡು ಬದುಕುವುದು ಅವಿಶ್ವಾಸವೇ? ಭಾನುವಾರ ಶಾಲೆಯನ್ನು ಬಿಟ್ಟರೆ ಪಾಪವಾಗುತ್ತದೆಯೇ? ನನ್ನ ಸಮಯ ಎಲ್ಲಿ ಹೋಗುತ್ತಿದೆಯೆಂದು ತಿಳಿಯಲು ಒಂದು ಮಂಗಳವಾರದ ಲೆಕ್ಕವನ್ನು ಬರೆದು ಇದರೊಂದಿಗೆ ಇಟ್ಟಿದ್ದೇನೆ.

ಉತ್ತರ: ಕರ್ತನಲ್ಲಿ ಪ್ರಿಯ ಸಹೋದರಿ,

ನಿಮ್ಮ ಪತ್ರಕ್ಕಿಂತ ನಿಮ್ಮ ಮಂಗಳವಾರದ ಹಾಳೆಯನ್ನು ನಾನು ಹೆಚ್ಚು ಹೊತ್ತು ನೋಡಿದೆ. ಲೆಕ್ಕ ಬರೆಯುವವರ ಹಾಳೆ ಅದು. ಒಂದು ಐದು ನಿಮಿಷವೂ ಅದರಲ್ಲಿ ತಪ್ಪಿಸಿಕೊಂಡಿಲ್ಲ. 4:45ಕ್ಕೆ ಏಳುವುದು. 4:50ರಿಂದ 5:10 ಪ್ರಾರ್ಥನೆ, ಅದರ ಮುಂದೆ ಆವರಣದಲ್ಲಿ ‘12 ನಿಮಿಷ ನಿದ್ದೆ’. ಅಲ್ಲಿಂದ ಅತ್ತೆಯವರ ಮೈ ಒರೆಸುವುದು, ಬಟ್ಟೆ ಬದಲಿಸುವುದು, ರೊಟ್ಟಿ, ಪಲ್ಯ, ನಾಲ್ಕು ಡಬ್ಬಿ. 8:30ಕ್ಕೆ ಮನೆ ಬಿಡುವುದು, ಸಂಜೆ 7:30ಕ್ಕೆ ಮರಳುವುದು, ಮತ್ತೆ ಅಡುಗೆ, ರಾತ್ರಿ 10:20ರಿಂದ 50 ನಿಮಿಷ ಮೊಬೈಲು. ಆ 50 ನಿಮಿಷದ ಕೆಳಗೆ ನೀವು ಕೆಂಪು ಶಾಯಿಯ ಗೆರೆ ಎಳೆದಿದ್ದೀರಿ, ಕಳ್ಳ ಸಿಕ್ಕಿಬಿದ್ದ ಎಂಬಂತೆ.

ನನ್ನ ಕಣ್ಣು ನಿಂತದ್ದು ನೀವು ಗೆರೆ ಎಳೆಯದ ಬೇರೊಂದು ಸಾಲಿನ ಮೇಲೆ. ‘6:30, ಯಜಮಾನರ ಪ್ರಾರ್ಥನೆ ಮುಗಿಯುತ್ತದೆ, ಚಹಾ.’ ಅಷ್ಟೇ ಬರೆದಿದ್ದೀರಿ. ಅವರು 5:30ಕ್ಕೆ ಸತ್ಯವೇದ ಹಿಡಿದು ಕುಳಿತುಕೊಳ್ಳುತ್ತಾರೆ ಎಂದು ಪತ್ರದಲ್ಲಿ ಬೇರೊಂದು ಕಡೆ ಮೆಚ್ಚುಗೆಯಿಂದಲೇ ಹೇಳಿದ್ದೀರಿ. ಆ ಒಂದು ಗಂಟೆಯಲ್ಲಿ ಅವರ ತಾಯಿಯ ಹಾಸಿಗೆ ಶುಚಿಯಾಗುತ್ತದೆ, ಒಲೆಯ ಮೇಲೆ ಹಂಚು ಕಾಯುತ್ತದೆ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಬೀಳುತ್ತದೆ, ಮುಗಿಯುವ ಹೊತ್ತಿಗೆ ಚಹಾ ಬರುತ್ತದೆ. ಅವರು ದೇವರಿಗೆ ಕೊಡುತ್ತಿರುವ ಆ ಗಂಟೆಯನ್ನು ಅವರಿಗೆ ಕೊಟ್ಟವರು ನೀವು, ಸಹೋದರಿ. ಅವರ ಪ್ರಾರ್ಥನೆ ಸುಳ್ಳೆಂದು ನಾನು ಹೇಳುತ್ತಿಲ್ಲ; ಅದು ನಿಜವಾದ ಪ್ರಾರ್ಥನೆಯೇ ಇರಬಹುದು. ಆದರೆ ಅದರ ಅರ್ಧ ಪಾಲು ನಿಮ್ಮ ಕೈಗಳದ್ದು ಎಂಬುದನ್ನು ಅವರೂ ತಿಳಿದಿಲ್ಲ, ನೀವೂ ತಿಳಿದಿಲ್ಲ. ಹೀಗಿರುವಾಗ ‘ನಿನಗೆ ದೇವರ ಮೇಲೆ ಭಾರ ಹಾಕುವುದು ಗೊತ್ತಿಲ್ಲ’ ಎಂಬ ಮಾತು ನನಗೆ ಸ್ವಲ್ಪ ಕಹಿಯಾಗಿಯೇ ಕೇಳಿಸಿತು. ಅವರು ಭಾರ ಹಾಕಿರುವುದು ದೇವರ ಮೇಲೋ ನಿಮ್ಮ ಮೇಲೋ ಎಂದು ಯಾರಾದರೂ ಅವರನ್ನು ಮೆಲ್ಲಗೆ ಕೇಳಬೇಕಾಗಿದೆ.

ಯೋಜನೆ ಮಾಡುವುದು ಅವಿಶ್ವಾಸವೇ ಎಂದು ಕೇಳಿದ್ದೀರಿ. ನೆಹೆಮೀಯನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. ಅವನು ಪಾರಸಿಯ ಅರಸನ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಕೇಳಿ ಅವನು ಅತ್ತು ಉಪವಾಸದಿಂದ ಪ್ರಾರ್ಥಿಸಿದ್ದು ಕಿಸ್ಲೇವ್ ತಿಂಗಳಲ್ಲಿ; ಅರಸನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ, ಅಂದರೆ ಸುಮಾರು ನಾಲ್ಕು ತಿಂಗಳ ನಂತರ. ನಿನಗೇನು ಬೇಕು ಎಂದು ಅರಸನು ಕೇಳಿದಾಗ ಅವನು ಮೊದಲು ಪರಲೋಕದ ದೇವರಿಗೆ ಪ್ರಾರ್ಥಿಸಿದನು, ಅನಂತರ ಅರಸನಿಗೆ ಉತ್ತರ ಕೊಟ್ಟನು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕೀತು? ಒಂದು ಉಸಿರಿನಷ್ಟು. ಕೂಡಲೇ ಅವನು ಕೇಳಿದ್ದೇನು ಗೊತ್ತೇ? ಹೊಳೆಯಾಚೆಯ ಅಧಿಪತಿಗಳಿಗೆ ಪತ್ರಗಳು, ಅರಸನ ಅರಣ್ಯವನ್ನು ಕಾಯುವ ಆಸಾಫನಿಗೆ ಮರಕ್ಕಾಗಿ ಇನ್ನೊಂದು ಪತ್ರ. ಎಷ್ಟು ದಿನ ಬೇಕೆಂದು ಅರಸನು ಕೇಳಿದ್ದಕ್ಕೆ ಒಂದು ಅವಧಿಯನ್ನೂ ಗೊತ್ತುಮಾಡಿ ಹೇಳಿದನು. ಪಟ್ಟಿ ಅವನ ಜೇಬಿನಲ್ಲಿ ಸಿದ್ಧವಾಗಿತ್ತು ಎಂದೇ ನನಗೆ ಅನ್ನಿಸುತ್ತದೆ. ನಾಲ್ಕು ತಿಂಗಳು ಮೊಣಕಾಲೂರಿದವನು, ಒಂದು ಉಸಿರಿನಲ್ಲಿ ಪ್ರಾರ್ಥಿಸಿದವನು, ಮರದ ಲೆಕ್ಕ ಹಾಕಿದವನು ಒಬ್ಬನೇ ಮನುಷ್ಯ. ನಿಮ್ಮ ಪಟ್ಟಿಗಾಗಿ ನೀವು ನಾಚಿಕೊಳ್ಳಬೇಕಾದದ್ದೇನೂ ಇಲ್ಲ.

ಹಾಗಾದರೆ ನಿಮ್ಮ ಬದುಕಿನಲ್ಲಿ ಸಡಿಲವಾಗಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ಮೋಶೆಯ ಮಾವನಾದ ಇತ್ರೋನನ್ನು ನೆನಪಿಸಿಕೊಳ್ಳಿ. ಬೆಳಗಿನಿಂದ ಸಂಜೆಯವರೆಗೆ ಜನರೆಲ್ಲ ಸರದಿ ನಿಂತಿರುವಾಗ ಅಳಿಯನು ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿರುವುದನ್ನು ಕಂಡು, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ದಣಿಯುತ್ತೀ, ಈ ಜನರೂ ದಣಿಯುತ್ತಾರೆ ಎಂದು ಆ ಮುದುಕ ಹೇಳಿದನು. ಮೋಶೆ ಮಾಡುತ್ತಿದ್ದದ್ದು ದೇವರ ಕೆಲಸವೇ. ಆದರೂ ಒಳ್ಳೆಯದಲ್ಲ ಎಂದನು. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಎಂದನು. ಮೋಶೆ ತರ್ಕ ಮಾಡದೆ ಹಾಗೆಯೇ ಮಾಡಿದನು. ದೇವರ ಮೇಲೆ ಆತುಕೊಳ್ಳುವುದು ಎಂದರೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಮಾತ್ರವೆಂದು ನಮಗೆ ಅಭ್ಯಾಸವಾಗಿಬಿಟ್ಟಿದೆ. ‘ನಾನು ಕೈಬಿಟ್ಟರೆ ಈ ಮನೆ ಬಿದ್ದುಹೋಗುತ್ತದೆ’ ಎಂಬ ಭಯವನ್ನು ಬಿಟ್ಟು ಒಂದು ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಅವರು ಅದನ್ನು ನಿಮ್ಮಷ್ಟು ಚೆನ್ನಾಗಿ ಮಾಡದಿದ್ದರೂ ಸುಮ್ಮನಿರುವುದು ಅದಕ್ಕಿಂತ ಕಷ್ಟದ ಆತುಕೊಳ್ಳುವಿಕೆ. ನನ್ನ ಕಣ್ಣಿಗೆ ನಿಮ್ಮಲ್ಲಿ ಕೊರತೆಯಾಗಿರುವುದು ಅದೊಂದೇ.

ಈಗ ಲೆಕ್ಕಕ್ಕೆ ಬರೋಣ. ಯಜಮಾನರ ಅಂಗಡಿಯ ಬಾಗಿಲು ತೆರೆಯುವುದು 10 ಗಂಟೆಗೆ. ನೀವು ಮನೆ ಬಿಡುವುದು 8:30ಕ್ಕೆ. ಅವರ ಒಂದು ಗಂಟೆಯ ಪ್ರಾರ್ಥನೆ 8:30ರಿಂದ 9:30ಕ್ಕೆ ಸರಿದರೆ ದೇವರಿಗೆ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಆಗ 5:30ರಿಂದ 6:30ರವರೆಗೆ ನಿಮ್ಮ ಅಡುಗೆಮನೆಯಲ್ಲಿ ಇನ್ನೆರಡು ಕೈಗಳಿರುತ್ತವೆ. ತಾಯಿಗೆ ಗಂಜಿ ತಿನ್ನಿಸುವುದು, ಮಗ್ಗುಲು ಬದಲಿಸುವುದು, ತರಕಾರಿ ಹೆಚ್ಚುವುದು, ಡಬ್ಬಿ ಕಟ್ಟುವುದು, ಇವು ಮಗನಾದವನಿಗೆ ಅಸಾಧ್ಯವಾದ ಕೆಲಸಗಳಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದು ವೈದ್ಯರು ಹೇಳಿರುತ್ತಾರೆ; ಅದು ಹೇಗೂ ಒಬ್ಬರಿಂದ ಸಾಗುವ ಸೇವೆಯಲ್ಲ. ‘ಬೆಳಗಿನ ಜಾವವೇ ಪ್ರಾರ್ಥನೆಗೆ ಶ್ರೇಷ್ಠ, ಕರ್ತನೇ ಇನ್ನೂ ಕತ್ತಲಿರುವಾಗ ಎದ್ದು ಹೋದನಲ್ಲ’ ಎಂದು ಅವರು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ತೋರಿಸಿದರೆ, ನೀವು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ತೋರಿಸಿ. ಪುನರುತ್ಥಾನದ ನಂತರದ ಒಂದು ಬೆಳಗಿನ ಜಾವ ಅದೇ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡ ಹೊತ್ತಿಸಿ, ಅದರ ಮೇಲೆ ಮೀನಿಟ್ಟು, ರೊಟ್ಟಿಯನ್ನೂ ಸಿದ್ಧಮಾಡಿ, ರಾತ್ರಿಯೆಲ್ಲ ದುಡಿದು ಬಂದವರನ್ನು ಊಟಕ್ಕೆ ಕರೆದನು. ಇದನ್ನು ವಾದಕ್ಕೆ ಬಳಸಬೇಡಿ; ಕುಟುಂಬ ಪ್ರಾರ್ಥನೆಯಲ್ಲಿ ಓದಿಸಿ, ಅದೂ ಅವರ ಬಾಯಿಂದಲೇ. ಕೇಳಬೇಕಾದ ಮಾತನ್ನು ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳಿ. ಬೆಳಿಗ್ಗೆ 6:30ಕ್ಕೆ ಚಹಾ ಲೋಟ ಹಿಡಿದು ಕೇಳಿದರೆ ಅದು ಜಗಳವಾಗುತ್ತದೆ. ‘ನನಗೆ ಸಹಾಯ ಮಾಡಿ’ ಎನ್ನುವುದಕ್ಕಿಂತ ‘ನನಗೂ ಪ್ರಾರ್ಥನೆಗೆ ಅರ್ಧ ಗಂಟೆ ಬೇಕು’ ಎನ್ನಿ. ಸಹಾಯ ಎಂಬ ಪದದಲ್ಲಿ ಆ ಕೆಲಸವೆಲ್ಲ ನಿಮ್ಮದೇ ಎಂಬ ಒಪ್ಪಿಗೆ ಅಡಗಿದೆ.

ಇನ್ನೊಂದು ಲೌಕಿಕದ ಮಾತು. ವಾರದಲ್ಲಿ ಮೂರು ದಿನವಾದರೂ ರೊಟ್ಟಿಯನ್ನು ಹೊರಗಿನಿಂದ ತರಿಸಿ. ನಿಮ್ಮೂರಿನಲ್ಲಿ ಒಳ್ಳೆಯ ಜೋಳದ ರೊಟ್ಟಿ, ಕಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರಿಗೆ ಕೊರತೆಯಿಲ್ಲ; ಅವರಿಗೂ ಅದೇ ಜೀವನ. ಕೈರೊಟ್ಟಿ ಬಡಿಯದ ಸೊಸೆಯನ್ನು ದೇವರು ತೀರ್ಪಿನ ದಿನದಲ್ಲಿ ಪ್ರಶ್ನಿಸುವುದಿಲ್ಲ.

ಸಮಯದ ವಿಷಯ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ, ಕಾಲವನ್ನು ಸುಮ್ಮನೆ ಕಳೆಯದೆ ಉಪಯೋಗಿಸಿಕೊಳ್ಳಿರಿ ಎಂಬ ವಚನವನ್ನು ಹೇಳಿ ಹೆದರಿಸುವ ರೂಢಿಯಿದೆ. ಅಲ್ಲಿ ಪೌಲನು ಬಳಸಿದ ಗ್ರೀಕ್ ಕ್ರಿಯಾಪದ ಸಂತೆಯ ಪದ. ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು ಎಂದು ಅದರ ಅರ್ಥ. ಕಾಲಕ್ಕೆ ಅವನು ಬಳಸಿದ ಪದ ‘ಕೈರೊಸ್’. ಅದು ಗಡಿಯಾರದ ಗಂಟೆಗಿಂತ ನಮ್ಮ ರೈತರು ‘ಹದ’ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರ. ಮಳೆ ಬಿದ್ದು ನೆಲಕ್ಕೆ ಹದ ಬಂದಾಗ ಬಿತ್ತಬೇಕು. ಹದವಿಲ್ಲದ ನೆಲದಲ್ಲಿ ದಿನವಿಡೀ ಕೂರಿಗೆ ಹೊಡೆದರೂ ದುಡಿಮೆ ಮಾತ್ರ ಉಳಿಯುತ್ತದೆ. ಮಗ ಗಣಿತದ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ಒಂದು ಹದ. ನಿಮ್ಮ ಹಾಳೆಯಲ್ಲಿ ‘8:15, ಮಗ ಲೆಕ್ಕ ಕೇಳಿದ, ಆಮೇಲೆ ಎಂದೆ’ ಎಂಬ ಸಾಲಿದೆ. ಆ ಸಂಜೆ ನೀವು ಮಹಿಳೆಯರ ಕೂಟದ ನಡಾವಳಿ ಬರೆಯುತ್ತಿದ್ದಿರಿ. ಸಂತೆಯಲ್ಲಿ ಒಂದನ್ನು ಕೊಳ್ಳಬೇಕಾದರೆ ಕೈಯಲ್ಲಿರುವುದನ್ನು ಬಿಡಲೇಬೇಕು.

ಆದ್ದರಿಂದ ಸಭೆಯ ಮೂರು ಜವಾಬ್ದಾರಿಗಳಲ್ಲಿ ಎರಡನ್ನು ಮಗನ ಪರೀಕ್ಷೆ ಮುಗಿಯುವವರೆಗೆ ಬಿಡಿ. ಪಾಪವಾಗುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ: ಹಾಡುವಾಗ ಮಾತ್ರ ಮನಸ್ಸು ಹಗುರವಾಗುತ್ತದೆ ಎಂದು ಬರೆದಿದ್ದೀರಿ. ಹಾಡುವುದನ್ನು ಬಿಡಬೇಡಿ. ಸಭಾಪಾಲಕರಿಗೆ ನೇರವಾಗಿ, ಕಾರಣ ಸಹಿತ, ಮೊದಲೇ ತಿಳಿಸಿ. ಒಂದು ಭಾನುವಾರ ಬರದೆ ಉಳಿದು ಆಮೇಲೆ ನೆಪ ಹೇಳುವುದು ಬೇಡ. ನನ್ನದೊಂದು ಅನುಭವವನ್ನೂ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನಿಲ್ಲದಿದ್ದರೆ ನಡೆಯುವುದೇ ಇಲ್ಲವೆಂದು ನಂಬಿದ್ದ ಒಂದು ಜವಾಬ್ದಾರಿಯನ್ನು ಅಳುತ್ತಲೇ ಬಿಟ್ಟುಕೊಟ್ಟೆ. ಮೂರು ವಾರ ಯಾರೂ ಗಮನಿಸಲೂ ಇಲ್ಲ. ಕೆಲಸದ ಆಯಾಸಕ್ಕಿಂತ ಅದೇ ಹೆಚ್ಚು ನೋಯಿಸಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರಾರ್ಥನಾ ಕೂಟದಲ್ಲಿ ಮಗನ ಅಂಕಗಳ ಬಗ್ಗೆ ಬಂದ ಮಾತಿಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ‘ಇವನ ಪಾಪವೋ, ತಂದೆತಾಯಿಯ ಪಾಪವೋ’ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದನು. ಅಂಕಗಳಿಗೆ ಬೇಕಾದದ್ದು ಬೀಜಗಣಿತದ ಅಭ್ಯಾಸ ಮತ್ತು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು. ನೀವು ದಿನವಿಡೀ ಅಂಕಿಗಳೊಂದಿಗೇ ಇರುವವರು. ಆ ಒಬ್ಬರು ನೀವೇ ಆಗಬಹುದು.

ಇನ್ನು ನಿಮ್ಮ ಆವರಣದೊಳಗಿನ 12 ನಿಮಿಷ. ಐದೂವರೆ ಗಂಟೆ ಮಲಗಿ ಎದ್ದವರಿಗೆ ಪುಸ್ತಕದ ಮೇಲೆ ನಿದ್ದೆ ಬಂದರೆ ಅದು ದೇಹ ತನ್ನ ಸಾಲ ವಸೂಲಿ ಮಾಡುತ್ತಿರುವುದು. 127ನೆಯ ಕೀರ್ತನೆ ಬೇಗನೆ ಏಳುವುದನ್ನೂ ತಡವಾಗಿ ಮಲಗುವುದನ್ನೂ ಸೇರಿಸಿಯೇ ವ್ಯರ್ಥ ಎನ್ನುತ್ತದೆ, ಕರ್ತನು ತನ್ನ ಪ್ರಿಯರಿಗೆ ನಿದ್ದೆಯನ್ನು ಕೊಡುತ್ತಾನೆ ಎನ್ನುತ್ತದೆ. ನಿದ್ದೆಯಲ್ಲಿಯೂ ಬೇಕಾದದ್ದನ್ನು ಕೊಡುತ್ತಾನೆ ಎಂದೂ ಆ ಮಾತನ್ನು ಓದುವವರಿದ್ದಾರೆ. ಸಾಯಲು ಬಯಸಿ ಗಿಡದ ಕೆಳಗೆ ಬಿದ್ದುಕೊಂಡಿದ್ದ ಪ್ರವಾದಿ ಎಲೀಯನ ಬಳಿಗೆ ಬಂದ ದೂತನು ಪ್ರಾರ್ಥನೆ ಮಾಡು ಎನ್ನಲಿಲ್ಲ. ಎದ್ದು ತಿನ್ನು ಎಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಕುಡಿದು ಮತ್ತೆ ಮಲಗಿದವನನ್ನು ದೂತನು ಗದರಿಸಲಿಲ್ಲ. ಎರಡನೆಯ ಬಾರಿ ಎಬ್ಬಿಸಿ ಮತ್ತೊಮ್ಮೆ ತಿನ್ನಿಸಿದನು. ದೇವರ ಮೆಲುದನಿಯನ್ನು ಅವನು ಕೇಳಿದ್ದು ಆಮೇಲೆ. ನೀವು 5:15ರವರೆಗೆ ಮಲಗಿ.

ರಾತ್ರಿಯ ಮೊಬೈಲಿನ ಬಗ್ಗೆ ನೀವು ನಿಮ್ಮ ಮೇಲೆ ಬಹಳ ಕಠಿಣವಾಗಿದ್ದೀರಿ. ದಿನದಲ್ಲಿ ಯಾರೂ ನಿಮ್ಮಿಂದ ಏನನ್ನೂ ಕೇಳದ 50 ನಿಮಿಷ ಅದೊಂದೇ, ಆದ್ದರಿಂದ ಕೈ ಅತ್ತ ಹೋಗುತ್ತದೆ. ಆದರೆ ಅದರಿಂದ ದಣಿವಾರುವುದಿಲ್ಲ ಎಂಬುದು ನಿಮಗೇ ಗೊತ್ತು. ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಮಲಗಿ; ಹಗಲಿನ ಹೊರೆ ಸ್ವಲ್ಪ ಇಳಿದರೆ ಇದು ನಿಮಗೆ ಈಗ ಅನ್ನಿಸುವಷ್ಟು ಕಷ್ಟವಾಗಲಾರದು.

ಕೊನೆಗೆ ಧಾರವಾಡ-ಹುಬ್ಬಳ್ಳಿ ನಡುವಿನ ನಿಮ್ಮ ಚಿಗರಿ ಬಸ್ಸು. ಹೋಗುವಾಗ ಕಚೇರಿಯ ಕೆಲಸದ ಪಟ್ಟಿ ಮಾಡುತ್ತೀರಿ, ಬರುವಾಗಲೂ ಅದನ್ನೇ ಮಾಡುತ್ತೀರಿ. ಬರುವಾಗ ಬಿಡಿ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ರೂಢಿಸಿಕೊಂಡಿದ್ದರು. ನೀವು ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಅದನ್ನು ಮಾಡಬಹುದು. ಉಣಕಲ್ ಕೆರೆ ದಾಟುವಾಗ ಮಗನ ಹೆಸರು, ನವನಗರದಲ್ಲಿ ಮಗಳ ಹೆಸರು, ಸತ್ತೂರಿನ ಆಸ್ಪತ್ರೆ ಬಂದಾಗ ಅತ್ತೆಯವರದು, ಟೋಲ್ ನಾಕಾದಲ್ಲಿ ಯಜಮಾನರದು. ಹೆಸರು ಹೇಳಿ ‘ಕರ್ತನೇ, ಕರುಣಿಸು’ ಎಂದರೆ ಸಾಕು. ಜುಬಿಲಿ ಸರ್ಕಲ್ ಸಮೀಪಿಸುವಾಗ ನಿಮ್ಮದೇ ಹೆಸರು ಹೇಳಿಕೊಳ್ಳಿ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ನಿಮಗಾಗಿ ನೀವು ಏನನ್ನೂ ಬೇಡಿಕೊಂಡಿರಲಿಲ್ಲ.

ಎರಡು ತಿಂಗಳ ನಂತರ ಇನ್ನೊಂದು ಮಂಗಳವಾರದ ಹಾಳೆಯನ್ನು ಬರೆದು ಕಳುಹಿಸಿ. ನಿಮ್ಮ ಕಚೇರಿಯಲ್ಲಿ ಜಿಎಸ್‌ಟಿ ಕಟ್ಟುವ 20ನೆಯ ತಾರೀಖು ಕಳೆದ ಮೇಲಿನ ಮಂಗಳವಾರವಾಗಲಿ, ಅದಕ್ಕೆ ಮುಂಚಿನದು ಬೇಡ. ಈ ಸಲ 6:30ರ ಸಾಲಿನಲ್ಲಿ ಚಹಾ ಯಾರು ಮಾಡಿದರೆಂದು ತಪ್ಪದೆ ಬರೆಯಿರಿ.