ಆ ಮನೆ ಪಾಪು ಆಗಲೇ ಎದ್ದು ನಿಂತಾಯ್ತಂತೆ

ಮಳೆ ಹಿಡಿದಿದೆ. ಅಂಚೆಯಲ್ಲಿ ಬಂದ ಪತ್ರಗಳೆಲ್ಲ ಒಂದಿಷ್ಟು ತೇವ, ವಾಟ್ಸಾಪಿನಲ್ಲಿ ಬಂದವು ಮಾತ್ರ ಒಣಗಿವೆ. ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ: ಪಕ್ಕದ ಮನೆ ಪಾಪು ಹೀಗೆ, ನಮ್ಮ ಪಾಪು ಹಾಗೆ. ಇಪ್ಪತ್ತೆಂಟು ವರ್ಷ ಉಪಕೇಂದ್ರದಲ್ಲಿ ಮಕ್ಕಳಿಗೆ ಸೂಜಿ ಚುಚ್ಚಿ, ತೂಕ ಮಾಡಿ ನಿವೃತ್ತಿಯಾದವಳು ನಾನು. ಡಾಕ್ಟರಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಅಕ್ಕಾ, ನನ್ನ ಮಗಳಿಗೆ ಒಂಬತ್ತು ತಿಂಗಳು. ಓರಗಿತ್ತಿಯ ಮಗ ಇವಳಿಗಿಂತ ಹನ್ನೆರಡೇ ದಿನ ದೊಡ್ಡವನು. ಮೊನ್ನೆ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಎಲ್ಲರೂ ಸೇರಿದ್ದಾಗ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಬಿಟ್ಟರು. ಅವನು ಅಂಬೆಗಾಲಿಟ್ಟು ಹೋಗಿ ಬೆಂಚು ಹಿಡಿದು ನಿಂತ. ಇವಳು ಕೂತಲ್ಲೇ ಕುಂಡೆ ಜಾರಿಸಿಕೊಂಡು ಒಂದಡಿ ಮುಂದೆ ಹೋದಳು, ಅಷ್ಟೇ. ಎಲ್ಲರೂ ನಕ್ಕರು. ಅವನು ಹತ್ತು ಕೆಜಿ, ನಾಲ್ಕು ಹಲ್ಲು. ಇವಳು ಏಳು ಕೆಜಿ ನಾನೂರು ಗ್ರಾಂ, ಒಂದೂ ಹಲ್ಲಿಲ್ಲ. ಡೇಟಿಗಿಂತ ನಾಲ್ಕು ವಾರ ಮೊದಲೇ ಹೆರಿಗೆಯಾಗಿತ್ತು. ಅತ್ತೆ 'ನಿನ್ನ ಹಾಲಲ್ಲಿ ಸತ್ವ ಇಲ್ಲ' ಅಂತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. (ಮಡಿಕೇರಿ ತಾಲ್ಲೂಕು, ಹೆಸರು ಬೇಡ)

ತಂಗೀ, ನಾಲ್ಕು ವಾರ ಮೊದಲೇ ಹೆರಿಗೆ ಅನ್ನುವುದನ್ನು ಕೊನೆಗೆ ಹೇಳಿದಿರಿ ನೋಡಿ, ಅದನ್ನೇ ಮೊದಲು ಹೇಳಬೇಕಿತ್ತು. ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ವಯಸ್ಸು ಲೆಕ್ಕ ಹಾಕುವುದು ಹುಟ್ಟಿದ ದಿನದಿಂದಲ್ಲ, ಡಾಕ್ಟರು ಕೊಟ್ಟಿದ್ದ ಡೇಟಿನಿಂದ. ಅಂದರೆ ನಿಮ್ಮ ಮಗಳಿಗೆ ಈಗ ಎಂಟು ತಿಂಗಳು. ಆ ಚಾಪೆಯ ಮೇಲೆ ಎಂಟು ತಿಂಗಳ ಕೂಸನ್ನು ಒಂಬತ್ತು ದಾಟಿದ ಹುಡುಗನ ಪಕ್ಕ ಕೂರಿಸಿ ನಕ್ಕಿದ್ದಾರೆ. ಈ ವಯಸ್ಸಿನಲ್ಲಿ ಒಂದು ತಿಂಗಳು ಅಂದರೆ ಸುಮ್ನೆ ಅಲ್ಲ.

ಇನ್ನು ತೂಕ. ಒಂಬತ್ತು ತಿಂಗಳ ಗಂಡುಮಗುವಿನ ನಡುಮಟ್ಟದ ತೂಕ 8.9 ಕೆಜಿ, ಹೆಣ್ಣುಮಗುವಿಗೆ 8.2. ಇಬ್ಬರಿಗೂ ಒಂದೇ ಅಳತೆ ಹಿಡಿಯುವುದೇ ತಪ್ಪು. ಹೆಣ್ಣುಮಕ್ಕಳು ಆ ವಯಸ್ಸಿಗೆ ಆರೂವರೆಯಿಂದ ಹತ್ತೂವರೆ ಕೆಜಿಯವರೆಗೆ ಎಲ್ಲಿದ್ದರೂ ಸಾಮಾನ್ಯವೇ. ನಿಮ್ಮದು 7.4. ನಿಮ್ಮ ಹಾಲಿಗೆ ಏನೂ ಆಗಿಲ್ಲ, ಇದನ್ನು ಅತ್ತೆಗೆ ಓದಿ ಹೇಳಿ, ನಾನೇ ಹೇಳಿದೆ ಅಂತಲೂ ಹೇಳಿ.

ತೂಕ ಮಾಡುವ ದಿನ ಅಂಗನವಾಡಿಯ ತೊಲೆಗೆ ತಕ್ಕಡಿ ನೇತುಹಾಕಿ, ಚಡ್ಡಿಯಂಥ ಚೀಲದಲ್ಲಿ ಕೂಸನ್ನು ಕೂರಿಸುತ್ತಿದ್ದೆವು. ಕೂಸು ಕಾಲು ಝಾಡಿಸಿ ಅಳುವುದು, ಮುಳ್ಳು ಆ ಕಡೆ ಈ ಕಡೆ ಕುಣಿಯುವುದು, ಒಂದೆರಡು ಸಲ ನನ್ನ ಸೀರೆ ಒದ್ದೆಯಾಗುವುದು. ತಾಯಂದಿರು ಮಾತ್ರ ತಮ್ಮ ಮಗುವಿನ ಮುಳ್ಳು ನಿಲ್ಲುವ ಮೊದಲೇ ಹಿಂದಿನವಳ ಕಾರ್ಡಿಗೆ ಇಣುಕುತ್ತಿದ್ದರು. ಸಂಜೆ ತೋಟದಲ್ಲಿ ಕಾಫಿ ಹಣ್ಣು ತೂಗುವಾಗ ಯಾರ ಚೀಲ ಎಷ್ಟು ಕೆಜಿ ಅಂತ ನೋಡುತ್ತಾರಲ್ವಾ, ಹಾಗೆಯೇ. ನಾನು ಕಾರ್ಡ್ ತೆಗೆದು ಅವರದೇ ಮಗುವಿನ ಹೋದ ತಿಂಗಳ ಚುಕ್ಕೆ ತೋರಿಸುತ್ತಿದ್ದೆ. ಈ ತಿಂಗಳ ಚುಕ್ಕೆ ಅದಕ್ಕಿಂತ ಮೇಲಿದೆಯಾ? ಗೆರೆ ಏರುತ್ತಿದೆಯಾ, ಅಡ್ಡ ಮಲಗಿದೆಯಾ, ಇಳಿದಿದೆಯಾ? ನೋಡಬೇಕಾದ್ದು ಅಷ್ಟೇ. ಮಗುವಿನ ತೂಕ ಗುರುತಿಸುವ ನಿಮ್ಮ 'ತಾಯಿ ಕಾರ್ಡ್' ಬೀರುವಿನಲ್ಲಿ ಸೀರೆ ಕೆಳಗೆ ಇರುತ್ತದೆ, ನನಗೆ ಗೊತ್ತು. ತೆಗೆಯಿರಿ. ಹೆಣ್ಣುಮಕ್ಕಳ ಚಾರ್ಟ್ ಬೇರೆಯೇ ಇದೆ, ಅದರಲ್ಲೇ ಗುರುತು ಹಾಕಿಸಿ. ಗೆರೆ ಎರಡು ತಿಂಗಳಿಂದ ಮಲಗಿದ್ದರೆ ಡಾಕ್ಟರಿಗೆ ತೋರಿಸಿ, ಏರುತ್ತಿದ್ದರೆ ಓರಗಿತ್ತಿಯ ಮಗ ಹದಿನೈದು ಕೆಜಿ ಆದರೂ ನಿಮಗೇನು?

ಅಂಬೆಗಾಲಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕದ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಆಧಾರವಿಲ್ಲದೆ ಕೂರುವುದು ಸುಮಾರು ನಾಲ್ಕರಿಂದ ಒಂಬತ್ತು ತಿಂಗಳೊಳಗೆ. ಅಂಬೆಗಾಲು ಐದರಿಂದ ಹದಿಮೂರೂವರೆ ತಿಂಗಳೊಳಗೆ. ಒಬ್ಬರೇ ನಡೆಯುವುದು ಎಂಟರಿಂದ ಹದಿನೇಳೂವರೆ ತಿಂಗಳೊಳಗೆ. ಎಷ್ಟು ಅಗಲ ನೋಡಿ! ಅಷ್ಟೇ ಅಲ್ಲ, ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ, ಸೀದಾ ನಡೆದರು. ನಿಮ್ಮ ಮಗಳ ಹಾಗೆ ಕೂತು ಜಾರುವ ಮಕ್ಕಳು ಸ್ವಲ್ಪ ತಡವಾಗಿ ನಡೆಯುವುದುಂಟು, ಆಗ ಮತ್ತೆ ನನಗೆ ಪತ್ರ ಬರೆಯಬೇಡಿ. ಹಲ್ಲು ವರ್ಷ ತುಂಬುವ ಹೊತ್ತಿಗೆ ಬಂದರೂ ತಡವಲ್ಲ.

ಆದರೆ ಒಂದು ಕಾಲನ್ನು ಎಳೆದುಕೊಂಡು ಹೋಗುತ್ತಾಳಾ, ಯಾವಾಗಲೂ ಒಂದೇ ಕೈ ಚಾಚುತ್ತಾಳಾ, ಎತ್ತಿಕೊಂಡಾಗ ಕಾಲು ಕೋಲಿನ ಹಾಗೆ ಬಿಗಿಯುತ್ತದಾ ಅಂತ ಒಂದು ವಾರ ಸುಮ್ಮನೆ ಕೂತು ನೋಡಿ. ಇದ್ದರೆ ತಡಮಾಡದೆ ತೋರಿಸಿ. ಇಲ್ಲದಿದ್ದರೆ ಚಾಪೆ ಹಾಸಿ, ಪಾತ್ರೆ ಸೌಟು ಸ್ವಲ್ಪ ದೂರ ಇಟ್ಟು ಅವಳಷ್ಟಕ್ಕೆ ಬಿಡಿ. ತೂಕ ಏರಲಿ ಅಂತ ಹಾಲಿನಲ್ಲಿ ಬಿಸ್ಕತ್ತು ನೆನೆಸಿ ತುರುಕಬೇಡಿ. ರಾಗಿ ಸರಿ, ಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನಕ್ಕೆ ಒಂದು ಚಮಚ ತುಪ್ಪ, ಹಿಸುಕಿದ ಮೊಟ್ಟೆ, ಮುಳ್ಳು ತೆಗೆದ ಮೀನು, ದಿನಕ್ಕೆ ಮೂರು ಸಲ ಅರ್ಧರ್ಧ ಬಟ್ಟಲು, ಜೊತೆಗೆ ನಿಮ್ಮ ಹಾಲು. ಸಾಕು.

ಇನ್ನೊಂದು. ಓರಗಿತ್ತಿಯ ಮಗ ರಾತ್ರಿ ಎಷ್ಟು ಸಲ ಎದ್ದು ಅಳುತ್ತಾನೆ ಅಂತ ಕೇಳಿದ್ದೀರಾ? ಚಾಪೆಯ ಮೇಲೆ ಹಗಲಿನದು ಮಾತ್ರ ಕಾಣುತ್ತದೆ. ಒಂದು ದಿನ ಇಬ್ಬರೇ ಕೂತು ಕಾಫಿ ಕುಡಿಯಿರಿ. ನಿಮಗೆ ನಿದ್ದೆ ಬಾರದ ಹೊತ್ತಿಗೆ ಅವರೂ ಎದ್ದಿರುತ್ತಾರೆ ಅಂತ ನನ್ನ ಅಂದಾಜು.

ನನ್ನ ಮಗನಿಗೆ ಇಪ್ಪತ್ತು ತಿಂಗಳು. ಒಂದು ಪದವೂ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ ಇವರದು ಕೊಡವ ತಕ್ಕ್, ನನ್ನದು ಕನ್ನಡ, ನೋಡಿಕೊಳ್ಳುವ ಚೇಚಿ ಮಲಯಾಳಂ. ಭಾಷೆ ಜಾಸ್ತಿಯಾಗಿ ಗಲಿಬಿಲಿಯಾಗಿದೆ ಅಂತ ಕೆಲವರು. ಗಂಡುಮಕ್ಕಳು ನಿಧಾನ, ಅವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಅಂತ ಅತ್ತೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆಟದಲ್ಲಿ ಮುಳುಗಿರುತ್ತಾನೆ. ಎರಡು ಸಲ ಕಿವಿ ಸೋರಿತ್ತು. ಕಾಯಬಹುದಾ? (ಸಿದ್ದಾಪುರ)

ಬೇಡ. ಈ ವಾರವೇ ಹೋಗಿ.

ಮೇಲಿನ ತಂಗಿಗೆ 'ಕಾಯಿರಿ' ಅಂದವಳು ಇಲ್ಲಿ ಅವಸರ ಮಾಡುತ್ತಿದ್ದೇನೆ ಅನ್ನಿಸಬಹುದು. ಅಲ್ಲಿ ಮಗು ನಿಧಾನವಾಗಿಯಾದರೂ ಮುಂದೆ ಹೋಗುತ್ತಿದೆ. ಇಲ್ಲಿ ಹೆಸರು ಕರೆದರೆ ತಿರುಗುತ್ತಿಲ್ಲ, ಕಿವಿ ಸೋರಿದೆ, ಹದಿನಾರು ತಿಂಗಳ ಹೊತ್ತಿಗೆ ಒಂದೆರಡಾದರೂ ಪದ ಬರಬೇಕಿತ್ತು, ಬಂದಿಲ್ಲ. 'ಅವನ ಅಪ್ಪನೂ ಹಾಗೇ' ಅನ್ನುವ ಮಾತಿದೆಯಲ್ಲ, ಅದೂ ಹೋಲಿಕೆಯೇ. ಒಂದು ಹೋಲಿಕೆ ಹೆದರಿಸುತ್ತದೆ, ಇನ್ನೊಂದು ಮಲಗಿಸುತ್ತದೆ. ಮಲಗಿಸುವುದೇ ಜಾಸ್ತಿ ಅಪಾಯ.

ನಾನೂ ಒಮ್ಮೆ ಮಲಗಿಸಿದವಳೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ತೋಟದ ಲೈನ್ ಮನೆಯ ತಾಯಿ ಎರಡು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು 'ಸಿಸ್ಟರ್, ಇದು ಮಾತಾಡಲ್ಲ' ಅಂದಳು. ಮಗು ನನ್ನ ಮುಖ ನೋಡಿ ನಕ್ಕಿತು. ಚುರುಕಾಗಿದೆ, ಬರುತ್ತೆ ಬಿಡಮ್ಮ ಅಂದೆ. ಆರು ತಿಂಗಳ ಮೇಲೆ ಚುಚ್ಚುಮದ್ದಿನ ದಿನ ಅದರ ಬೆನ್ನ ಹಿಂದೆ ಸ್ಟೀಲ್ ಟ್ರೇ ಜಾರಿ ಬಿತ್ತು. ಉಳಿದ ಮಕ್ಕಳೆಲ್ಲ ಬೆಚ್ಚಿ ಅತ್ತವು. ಅದು ತಿರುಗಲೂ ಇಲ್ಲ, ಕೈಯಲ್ಲಿದ್ದ ಬೆಂಕಿಪೊಟ್ಟಣದ ಆಟ ಮುಂದುವರಿಸಿತು. ಆ ಆರು ತಿಂಗಳು ನನ್ನಿಂದ ಹೋಯಿತು.

ಭಾಷೆಗಳ ಮೇಲೆ ತಪ್ಪು ಹೊರಿಸಬೇಡಿ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಾತು ನಿಂತುಹೋಗುವುದಿಲ್ಲ. ಹಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಅರ್ಧ ಜನ ಮೂಗರಾಗಬೇಕಿತ್ತು! ಪದ ಲೆಕ್ಕ ಹಾಕುವಾಗ ಎಲ್ಲ ಭಾಷೆಯದನ್ನೂ ಕೂಡಿಸಿ. ಅಪ್ಪನ ಕಡೆಯ 'ಅವ್ವ' ಒಂದು, ನಿಮ್ಮ 'ನೀರು' ಒಂದು, ಅದೇ ನೀರಿಗೆ ಚೇಚಿಯ 'ವೆಳ್ಳಂ' ಇನ್ನೊಂದು. 'ಬೌ ಬೌ' ಅಂತ ನಾಯಿ ತೋರಿಸಿದರೆ ಅದೂ ಒಂದು. ಹೀಗೆ ಕೂಡಿಸಿದರೂ ಸೊನ್ನೆ ಅಂದರೆ ಕಿವಿ ಪರೀಕ್ಷೆ ಆಗಲೇಬೇಕು.

ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೂ ಕಿವಿ ಡಾಕ್ಟರಿಗೂ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿನ ಕೆಲಸಕ್ಕೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ನಮ್ಮ ಕಡೆಯವರಿಗೆ ಬೆಳಗಿನ ಬಸ್ಸು ಹತ್ತಿದರೆ ಆಯ್ತು. ಪರೀಕ್ಷೆಗೆ ಮಗು ಏನೂ ಹೇಳಬೇಕಾಗಿಲ್ಲ. ಅದು ನಿದ್ದೆಯಲ್ಲಿರುವಾಗ ಹಣೆಗೆ, ಕಿವಿಯ ಹಿಂದೆ ಸಣ್ಣ ಬಿಲ್ಲೆಯಂಥದ್ದು ಅಂಟಿಸಿ ಶಬ್ದ ಕೊಟ್ಟು ನೋಡುತ್ತಾರೆ, ನೋವಿಲ್ಲ. ಹುಟ್ಟಿದ ಕೂಸಿಗೂ ಮಾಡುತ್ತಾರೆ. ಹಾಗಾಗಿ 'ಇನ್ನೂ ಚಿಕ್ಕವನು' ಅನ್ನುವ ನೆಪ ಬೇಡ. ಕಿವಿ ಸರಿಯಿದೆ ಅಂತಾದರೆ ಅಲ್ಲಿಗೇ ಬಿಡದೆ, ಕಣ್ಣಿಗೆ ಕಣ್ಣಿಟ್ಟು ನೋಡುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಆರೋಗ್ಯ ತಂಡಕ್ಕೂ ತೋರಿಸಬಹುದು, ಆದರೆ ಅವರು ಬರುವವರೆಗೆ ಕಾಯಬೇಡಿ. ಮತ್ತೆ ಆ ಮೊಬೈಲ್ ರೈಮ್ಸ್ ಬಂದ್ ಮಾಡಿ. ನೀವು ಬರೆದಿಲ್ಲ, ಆದರೂ ಇರುತ್ತದೆ ಅಲ್ವಾ?

ಎಂಟು ತಿಂಗಳ ಮೊಮ್ಮಗನಿಗೆ ವಾಕರ್ ತಂದಿದ್ದೇನೆ. ಸೊಸೆ ಅಟ್ಟಕ್ಕೆ ಹಾಕಿಬಿಟ್ಟಿದ್ದಾಳೆ. ಪಕ್ಕದ ಮನೆ ಮಗು ಅದರಲ್ಲೇ ಓಡಾಡುತ್ತೆ. (ಕುಶಾಲನಗರ)

ಸೊಸೆ ಜಾಣೆ, ಯಜಮಾನರೇ. ವಾಕರಿನಲ್ಲಿ ಮಗು ನಡೆಯುವುದನ್ನು ಕಲಿಯುವುದಿಲ್ಲ, ತುದಿಗಾಲಲ್ಲಿ ನೆಲ ಒದೆಯುವುದನ್ನು ಕಲಿಯುತ್ತದೆ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದಕ್ಕೇ ನಿಷೇಧ ಇದೆ. ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾದ ಮಕ್ಕಳು ಅಷ್ಟು. ನಮ್ಮ ಮನೆಗಳಲ್ಲಿ ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು, ಹಿಂದೆ ಬಚ್ಚಲಲ್ಲಿ ಕುದಿಯುವ ಹಂಡೆ. ನೆಲದ ಮೇಲೆ ಬಿಡಿ, ನಿಮ್ಮ ಬೆರಳು ಕೊಡಿ.

ನಮ್ಮ ತೋಟದ್ದೇ ಜೇನು. ಅಮ್ಮ ಐದು ತಿಂಗಳ ಪಾಪುವಿಗೆ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಬೇಕು, ಮಾತು ಬೇಗ ಬರುತ್ತೆ ಅಂತಾರೆ. ಅಕ್ಕನ ಮಕ್ಕಳಿಗೂ ಹಾಗೇ ಮಾಡಿದ್ದರಂತೆ. (ಭಾಗಮಂಡಲ)

ಕೊಡಗಿನ ಜೇನಿನ ಬಗ್ಗೆ ನನಗೂ ಹೆಮ್ಮೆ. ಆದರೆ ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಶುದ್ಧ ಜೇನಿನಲ್ಲೂ ಬೊಟುಲಿಸಂ ತರುವ ರೋಗಾಣುವಿನ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ತಡೆದುಕೊಳ್ಳುತ್ತದೆ, ಕೂಸಿನದು ತಡೆಯುವುದಿಲ್ಲ. ಮೈ ಸೋತು, ಹಾಲು ಚೀಪಲೂ ಆಗದೆ ಉಸಿರಿಗೇ ತೊಂದರೆಯಾಗಬಹುದು. ಬಜೆಯೂ ಬೇಡ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಅಕ್ಕನ ಮಕ್ಕಳಿಗೆ ಏನೂ ಆಗಲಿಲ್ಲ, ಸಂತೋಷ.

ನಾನು ಗಂಡಸು, ಈ ಅಂಕಣಕ್ಕೆ ಬರೆಯಬಹುದೋ ಇಲ್ಲವೋ. ನಮ್ಮ ಮಗುವಿಗೆ ನಾಲ್ಕು ತಿಂಗಳು. ಹೆಂಡತಿ ತವರಿನಿಂದ ಬಂದ ಮೇಲೆ ಫೋನಿನಲ್ಲಿ ಎಷ್ಟು ನಿಮಿಷ ಹಾಲು, ಎಷ್ಟು ಗಂಟೆ ನಿದ್ದೆ ಎಲ್ಲ ಬರೆದಿಡುತ್ತಾಳೆ. ಗೆಳತಿಯರ ಗ್ರೂಪಿನಲ್ಲಿ ಯಾರದೋ ಮಗು ಬೋರಲು ಬಿತ್ತು ಅಂದರೆ ಅಳುತ್ತಾಳೆ. ಒಂದೂವರೆ ತಿಂಗಳಿಂದ ಹೀಗೇ. ಊಟ ಸೇರುತ್ತಿಲ್ಲ. ನಾನು ಸಮಾಧಾನ ಹೇಳಿದರೆ 'ನಿಮಗೇನು ಗೊತ್ತು' ಅಂತಾಳೆ. (ಸೋಮವಾರಪೇಟೆ)

ಖಂಡಿತ ಬರೆಯಬಹುದು, ತಮ್ಮಾ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಹೆರಿಗೆಯಾದ ಮೊದಲ ವಾರ ಹತ್ತು ದಿನ ಕಾರಣವಿಲ್ಲದೆ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಇದ್ದದ್ದೇ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಇದ್ದರೆ, ಊಟ ಸೇರದಿದ್ದರೆ, ಅದು ಖಿನ್ನತೆ ಇರಬಹುದು. ಬರೀ ಹೋಲಿಕೆಯ ಚಟ ಅಂದುಕೊಳ್ಳಬೇಡಿ. ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಹಾಗೆಯೇ ಇದಕ್ಕೂ ಹೋಗಿ. ಮಗುವಿಗೆ ಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಿ ಇದೆ, ಗುಣವಾಗುತ್ತದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಸರ್ಕಾರದ್ದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಅವರ ಬಾಯಿಂದ ಬಂದರೆ ಒಬ್ಬರನ್ನೇ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ.

'ಸಮಾಧಾನ ಹೇಳಿದೆ' ಅಂದಿರಿ. ಹೇಳುವುದು ಸಾಕು. ರಾತ್ರಿ ಹಾಲು ಕುಡಿದ ಮೇಲೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು ನಿಮ್ಮ ಪಾಲಿಗಿರಲಿ, ಅವರು ಆ ಹೊತ್ತು ಮಲಗಲಿ. ಫೋನ್ ಕಿತ್ತುಕೊಳ್ಳಬೇಡಿ, ಜಗಳವಾಗುತ್ತದೆ. ಲೆಕ್ಕ ಬರೆಯುವ ಕೆಲಸ ನೀವು ತೆಗೆದುಕೊಳ್ಳಿ, ನೋಡಿ, ಒಂದು ವಾರದಲ್ಲಿ ನೀವೇ ಮರೆತುಬಿಡುತ್ತೀರಿ.

ಮತ್ತೆ ಬಟ್ಟೆ. ಈ ಮಳೆಯಲ್ಲಿ ದಿನಕ್ಕೆ ಇಪ್ಪತ್ತು ಲಂಗೋಟಿ ಒಗೆದು ಒಣಗಿಸುವುದೇ ಒಂದು ಉದ್ಯೋಗ, ಅದನ್ನು ಯಾರೂ ಗ್ರೂಪಿನಲ್ಲಿ ಹಾಕುವುದಿಲ್ಲ. ಅದು ನಿಮ್ಮದಾಗಲಿ. ನಮ್ಮ ಕಾಲದಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹರಡುತ್ತಿದ್ದೆವು. ನೀವೂ ಮಾಡುವುದಾದರೆ ಅಡುಗೆಮನೆಯಲ್ಲಿ ಕಿಟಕಿ ತೆಗೆದಿಟ್ಟು ಮಾಡಿ. ಬಾಣಂತಿ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಂಡ ಇಡಲೇಬೇಡಿ, ಅದರ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ಬಟ್ಟೆಯ ಅಂಚು ಒಣಗಿದ ಹಾಗೆ ಕಂಡರೂ ಮಧ್ಯೆ ಹಸಿ ಇರುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೊಂದು ಸಲ ತಿರುಗಿಸಿ ಹಾಕಿ.