ದಿನಕ್ಕೆ 1,000 ಪದದ ಗುರಿ ಯಾಕೆ ನಿಲ್ಲುತ್ತದೆ, ಬದಲಿಗೆ ಏನು ಮಾಡಬಹುದು

ನಮಸ್ಕಾರ ಮೇಡಂ. ಕೆಲಸ, ಮನೆ ಎರಡನ್ನೂ ನೋಡಿಕೊಂಡು ಕಥೆ ಬರೆಯುತ್ತೀರಿ. ವರ್ಷಕ್ಕೆ 12 ಕಥೆ, ದಿನಕ್ಕೆ 1,000 ಪದ ಅಂತ ಜನವರಿಯಲ್ಲಿ ಶುರುಮಾಡಿದ್ದು ಮೂರನೇ ವಾರಕ್ಕೇ ನಿಂತಿತು. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಾದರೂ ಒಂದು ಕಥೆ ಕಳಿಸಬೇಕು, ಶಿಸ್ತು ಹೇಗೆ ತಂದುಕೊಳ್ಳಲಿ ಅಂತ ನಮ್ಮ ಬರಹಗಾರರ ಗುಂಪಿನಲ್ಲಿ ಕೇಳಿದ್ದೀರಿ. ನೀವು ಬರೆದದ್ದನ್ನು ನೋಡಿದರೆ ಕೊರತೆ ಶಿಸ್ತಿನದಲ್ಲ, ಲೆಕ್ಕದ್ದು.

ಇಂಥ ದೊಡ್ಡ ದಿನಗುರಿಗಳು ಹೆಚ್ಚಾಗಿ ಬಂದಿರುವುದು ಇಂಗ್ಲಿಷ್ ಬರಹಗಾರರ ಕಡೆಯಿಂದ. ಅಮೆರಿಕದಲ್ಲಿ 1999ರಲ್ಲಿ ಶುರುವಾಗಿ 2025ರಲ್ಲಿ ಮುಚ್ಚಿದ ‘ನ್ಯಾನೊರೈಮೊ’ ಎಂಬ ಕಾದಂಬರಿ ಬರೆಯುವ ಸವಾಲಿನ ಗುರಿ ನವೆಂಬರ್ ಒಂದೇ ತಿಂಗಳಲ್ಲಿ 50,000 ಪದವಾಗಿತ್ತು, ಅಂದರೆ ದಿನಕ್ಕೆ ಸುಮಾರು 1,667. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಹಾಗಾಗಿ ಕನ್ನಡದ 1,000 ಪದ ಇಂಗ್ಲಿಷಿನ 1,000 ಪದಕ್ಕಿಂತ ಹೆಚ್ಚಿನ ಕೆಲಸ. ಆ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಎರಡನೆಯ ತೊಂದರೆ ಬಾಕಿಯದು. ದಿನಕ್ಕೆ 1,000 ಅಂತ ಇಟ್ಟುಕೊಂಡು ನಾಲ್ಕು ದಿನ ಮಗುವಿಗೆ ಜ್ವರ ಬಂತು ಅಂದರೆ ಐದನೆಯ ದಿನ ತಲೆಯ ಮೇಲೆ 5,000 ಪದ ಕೂತಿರುತ್ತದೆ. ಅಷ್ಟು ಬರೆಯಲು ಯಾರಿಗೂ ಆಗುವುದಿಲ್ಲ. ಆರನೆಯ ದಿನ ಪುಸ್ತಕವನ್ನೇ ತೆರೆಯುವುದಿಲ್ಲ. ಹೆಚ್ಚಿನವರು ನಿಲ್ಲಿಸುವುದು ಇಲ್ಲಿಯೇ. ಅದಕ್ಕೆ ಗುರಿಯನ್ನು ವಾರಕ್ಕೆ ಇಡಿ, ಪದದ ಬದಲು ಕೂರುವ ಸಲವನ್ನು ಎಣಿಸಿ: ವಾರಕ್ಕೆ ನಾಲ್ಕು ಸಲ, ಸಲಕ್ಕೆ 30 ನಿಮಿಷ. ಯಾವ ನಾಲ್ಕು ದಿನ ಅನ್ನುವುದು ಆಯಾ ವಾರಕ್ಕೆ ಬಿಟ್ಟದ್ದು. ಮೂರೇ ಸಲ ಆಯಿತೇ, ಮೂರು ಅಂತ ಬರೆದಿಟ್ಟು ಸೋಮವಾರ ಮತ್ತೆ ಸೊನ್ನೆಯಿಂದ ಶುರುಮಾಡಿ. ಬಾಕಿಯನ್ನು ಮುಂದಿನ ವಾರಕ್ಕೆ ಎಳೆದುಕೊಂಡು ಹೋಗಕೂಡದು. ಇದೊಂದನ್ನು ದಯವಿಟ್ಟು ಕಟ್ಟುನಿಟ್ಟಾಗಿ ಪಾಲಿಸಿ.

ಈಗ ನಿಮ್ಮ ವೇಗ ತಿಳಿಯಬೇಕು. ಎರಡು ವಾರ ಯಾವ ಗುರಿಯೂ ಇಲ್ಲದೆ, ಪ್ರತಿ ಸಲ 30 ನಿಮಿಷ ಗಡಿಯಾರ ಇಟ್ಟು ಬರೆದು, ಎಷ್ಟು ಪದ ಆಯಿತು ಅಂತ ಗುರುತು ಹಾಕಿ. ಕೈಯಲ್ಲಿ ಬರೆಯುವವರಾದರೆ ಎಲ್ಲವನ್ನೂ ಎಣಿಸಬೇಕಿಲ್ಲ. ಹತ್ತು ಸಾಲಿನ ಪದ ಎಣಿಸಿ, ಸರಾಸರಿ ತೆಗೆದು, ಸಾಲುಗಳಿಂದ ಗುಣಿಸಿ. ಸಾಲಿಗೆ ಆರು ಪದ, ಪುಟಕ್ಕೆ 25 ಸಾಲು ಇದ್ದರೆ 150 ಪದ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವವರು ಒಂದು ವಿಷಯ ಗಮನಿಸಿ: ಅದು ‘ಹೋಗಿಬಿಟ್ಟಿದ್ದ’ ಅನ್ನುವುದನ್ನು ‘ಹೋಗಿ ಬಿಟ್ಟಿದ್ದ’ ಅಂತ ಒಡೆದು ಹಾಕುವುದುಂಟು. ವರ್ಡ್‌ನಂಥ ತಂತ್ರಾಂಶ ನಡುವಿನ ಜಾಗ ನೋಡಿಯೇ ಪದ ಎಣಿಸುವುದರಿಂದ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಸ್ಪರ್ಧೆಯ ಪದಮಿತಿಗೆ ಹೊಂದಿಸುವಾಗಲೂ ಇದು ಕಾಡುತ್ತದೆ, ಮೊದಲು ಪದಗಳನ್ನು ಸರಿಯಾಗಿ ಕೂಡಿಸಿ, ಆಮೇಲೆ ಎಣಿಸಿ.

ಸಲಕ್ಕೆ 200 ಪದ ಬಂತು ಅಂತ ಇಟ್ಟುಕೊಳ್ಳೋಣ. ವಾರಕ್ಕೆ 800. ಹಾಗಾದರೆ 2,400 ಪದದ ಕರಡಿಗೆ ಮೂರು ವಾರ. ಆಮೇಲೆ ಹತ್ತು ದಿನ ಅದನ್ನು ಮುಟ್ಟಬಾರದು. ಬಿಸಿಯಲ್ಲೇ ಓದಿದರೆ ನೀವು ಬರೆದದ್ದು ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡದ್ದೇ ಕಾಣುತ್ತದೆ. (ಆ ಹತ್ತು ದಿನ ಮುಂದಿನ ಕಥೆಯ ಟಿಪ್ಪಣಿ ಮಾಡಿಕೊಳ್ಳಿ, ಕೂರುವ ಅಭ್ಯಾಸ ತಪ್ಪುವುದಿಲ್ಲ.) ತಿದ್ದಲು ಎರಡೂವರೆ ವಾರ, ಒಬ್ಬರಿಗೆ ಓದಲು ಕೊಡುವುದಕ್ಕೆ ಒಂದು ವಾರ. ಒಟ್ಟು ಎಂಟು ವಾರ. ಲೆಕ್ಕದ ಪ್ರಕಾರ ವರ್ಷಕ್ಕೆ ಆರು ಕಥೆ. ಮದುವೆ, ಹಬ್ಬ, ಮಕ್ಕಳ ಪರೀಕ್ಷೆ ಕಳೆದರೆ ನಾಲ್ಕೋ ಐದೋ. ಹನ್ನೆರಡು ಕಥೆಯ ಸಂಕಲನ ಅಂದರೆ ಎರಡೂವರೆ ಮೂರು ವರ್ಷದ ಕೆಲಸ. ಹವ್ಯಾಸಕ್ಕೆ ಬರೆಯುವವರಿಗೆ ಇದು ಒಳ್ಳೆಯ ವೇಗವೇ.

ತಿದ್ದುವ ಹಂತದಲ್ಲಿ ಪದ ಎಣಿಸಲೇಬೇಡಿ. ಒಳ್ಳೆಯ ತಿದ್ದುಪಡಿಯಲ್ಲಿ 2,400 ಪದ 2,000ಕ್ಕೆ ಇಳಿಯುತ್ತದೆ. ಪದಗುರಿ ಇಟ್ಟುಕೊಂಡವರಿಗೆ ಅದು ನಷ್ಟದಂತೆ ಕಂಡು, ಕತ್ತರಿಸಬೇಕಾದ್ದನ್ನು ಉಳಿಸಿಕೊಳ್ಳುತ್ತಾರೆ. ಇಲ್ಲಿ ಸುತ್ತುಗಳನ್ನು ಎಣಿಸಿ. ಮೊದಲ ಸುತ್ತಿನಲ್ಲಿ ಬರೀ ರಚನೆ: ಕಥೆ ನಿಜವಾಗಿ ಎಲ್ಲಿ ಶುರುವಾಗುತ್ತದೆ ನೋಡಿ. ಅನೇಕ ಕರಡುಗಳಲ್ಲಿ ಮೊದಲ ಒಂದು ಪುಟ ಬರೀ ಪೀಠಿಕೆ, ತೆಗೆದರೂ ಏನೂ ಕೆಡುವುದಿಲ್ಲ. ಎರಡನೆಯದರಲ್ಲಿ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಹಾವೇರಿಯ ಅಜ್ಜಿಯ ಬಾಯಲ್ಲಿ ಮೈಸೂರಿನ ಮಾತು ಬಂದಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಅಕ್ಷರದೋಷ, ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣ ಕೊನೆಯ ಸುತ್ತಿಗಿರಲಿ. ಮೊದಲೇ ಅದಕ್ಕೆ ಕೂತರೆ, ಆಮೇಲೆ ತೆಗೆದುಹಾಕುವ ವಾಕ್ಯಕ್ಕೂ ಶ್ರಮ ಹಾಕಿದಂತಾಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಸಾಕು: ದಿನಾಂಕ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಿದೆ, ಮುಂದೇನು. ಕೊನೆಯ ಕಲಂ ಖಾಲಿ ಬಿಡಬೇಡಿ. ಸನ್ನಿವೇಶ ಪೂರ್ತಿ ಮುಗಿಸಿ ಏಳುವ ಬದಲು ನಡುವೆಯೇ ನಿಲ್ಲಿಸಿ, ‘ಅತ್ತೆ ಬಾಗಿಲು ತೆಗೆಯುತ್ತಾಳೆ, ಪತ್ರದ ವಿಷಯ ಎತ್ತುವುದಿಲ್ಲ’ ಅಂತ ಒಂದು ಸಾಲು ಗೀಚಿಡಿ. ಮುಂದಿನ ಸಲ ಖಾಲಿ ಹಾಳೆ ನೋಡುತ್ತಾ ಹತ್ತು ನಿಮಿಷ ಕಳೆಯುವುದು ತಪ್ಪುತ್ತದೆ. ಮೂವತ್ತು ನಿಮಿಷವೇ ಇರುವವರಿಗೆ ಹತ್ತು ನಿಮಿಷ ದೊಡ್ಡದು. ತೀರಾ ಸುಸ್ತಾದ ದಿನ ಆ ಸಾಲಿನ ಮುಂದೆ ಎರಡು ವಾಕ್ಯ ಸೇರಿಸಿದರೂ ಆ ದಿನದ ಕೂತದ್ದು ಲೆಕ್ಕಕ್ಕೆ ಬಂತು.

ಇನ್ನು ದೀಪಾವಳಿ ಸ್ಪರ್ಧೆ. ವಿಶೇಷಾಂಕ ಹಬ್ಬಕ್ಕೆ ಬಂದರೂ ಕಥೆ ಕಳಿಸುವ ಕೊನೆಯ ದಿನ ಬಹಳ ಮೊದಲೇ ಇರುತ್ತದೆ, ಹಬ್ಬ ನೋಡಿ ಲೆಕ್ಕ ಹಾಕಬೇಡಿ. ಕಳೆದ ವರ್ಷದ ಪ್ರಕಟಣೆಯಲ್ಲಿ ಯಾವ ದಿನಾಂಕ ಇತ್ತು ನೋಡಿ, ಅದಕ್ಕಿಂತ ಒಂದು ವಾರ ಮುಂಚೆ ನಿಮ್ಮ ಗಡುವು ಇಟ್ಟು, ಅಲ್ಲಿಂದ ಹಿಂದಕ್ಕೆ ಎಂಟು ವಾರ ಎಣಿಸಿ. ಅದು ನೀವು ಕರಡು ಶುರುಮಾಡುವ ದಿನ. ಪ್ರಕಟಣೆ ಬಂದ ಮೇಲೆ ಶುರುಮಾಡಿದರೆ ತಿದ್ದಲು ಸಮಯ ಸಿಗುವುದು ಕಷ್ಟ.

‘ಬಹುಮಾನ ಬರಬೇಕು’ ಅಂತ ಗುರಿ ಬರೆಯಬೇಡಿ, ಅದು ತೀರ್ಪುಗಾರರ ಕೈಯಲ್ಲಿದೆ. ‘ಈ ವರ್ಷ ನಾಲ್ಕು ಕಥೆ ಮುಗಿಸಿ ಕಳಿಸುತ್ತೇನೆ’ ಅಂತ ಬರೆಯಿರಿ. ಇದು ಪೂರ್ತಿ ನಿಮ್ಮ ಕೈಯಲ್ಲಿದೆ.

ಕಳಿಸುವ ಮೊದಲು ನಿಯಮಗಳನ್ನು ಎರಡು ಸಲ ಓದಿ. ಫೇಸ್‌ಬುಕ್‌ನಲ್ಲೋ ಬ್ಲಾಗ್‌ನಲ್ಲೋ ಹಾಕಿದ್ದನ್ನು ಪ್ರಕಟವಾದ ಕಥೆ ಅಂತಲೇ ಎಣಿಸುವ ಸ್ಪರ್ಧೆಗಳಿವೆ, ಆದ್ದರಿಂದ ಕರಡನ್ನು ಈ ಗುಂಪಿನಲ್ಲೂ ಪೂರ್ತಿ ಹಾಕಬೇಡಿ, ಒಬ್ಬರಿಗೆ ಖಾಸಗಿಯಾಗಿ ಕೊಡಿ. ಕಥೆಯ ಪುಟದಲ್ಲಿ ಹೆಸರು ಇರಬಾರದು ಅಂದಿದ್ದರೆ ಫೈಲಿನ ಹೆಸರಿನಲ್ಲೂ ಇರದಂತೆ ನೋಡಿಕೊಳ್ಳಿ. ಫೈಲು ಯೂನಿಕೋಡ್‌ನಲ್ಲಿ ಬೇಕೋ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೇಕೋ ನೋಡಿ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಪರಿವರ್ತನೆ ಆದ ಮೇಲೆ ಇನ್ನೊಮ್ಮೆ ಪೂರ್ತಿ ಓದಬೇಕು. ಕಳಿಸಿದ ದಿನಾಂಕ, ಎಲ್ಲಿಗೆ, ಎಷ್ಟು ದಿನ ಕಾಯಬೇಕು ಎಂಬುದನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಫಲಿತಾಂಶ ಬರುವವರೆಗೆ ಅದೇ ಕಥೆಯನ್ನು ಮಯೂರ, ತುಷಾರದಂಥ ಬೇರೆ ಪತ್ರಿಕೆಗೆ ಕಳಿಸಬಾರದು. ಆಯ್ಕೆಯಾಗದಿದ್ದರೆ ಒಂದು ಸುತ್ತು ತಿದ್ದಿ ಆಮೇಲೆ ಕಳಿಸಿ.